ವಿದ್ಯಾನಿಧಿಯೂ ಯೋಗ್ಯತಾವಿಚಾರವೂ

॥ ಶ್ರೀ ಗುರುಭ್ಯೋ ನಮಃ ॥

ಕಳೆದ ಮಧ್ವನವಮಿಯಂದು ಹರವೆಯ ಸುತ್ತಿನ ನಾಲ್ಕಾರು ಮನೆಗಳವರು ಕೂಡಿ ಸುಮಧ್ವವಿಜಯದ ಪಾರಾಯಣವನ್ನೂ ಒಂದು ಪ್ರವಚನವನ್ನೂ ನೆರವೇರಿಸಿದರು. ಪ್ರವಚನದ ವಿಷಯ ಜೀವತಾರತಮ್ಯ. ತೀರ್ಥಪ್ರಸಾದವಾದ ಮೇಲೆ ಮಾತು ಲೆಕ್ಕಪತ್ರದ ಕಡೆಗೆ ಹೊರಳಿತು. ಉತ್ಸವಕ್ಕೆಂದು ಕೂಡಿಬಂದ ಹಣದಲ್ಲಿ ಮಿಕ್ಕಿದ್ದನ್ನು ಹೋಬಳಿಯ ಬಡ ವಿದ್ಯಾರ್ಥಿಗಳ ಶುಲ್ಕಕ್ಕಾಗಿ ಒಂದು ನಿಧಿಯಾಗಿ ಇರಿಸಬೇಕೆಂದು ಒಬ್ಬರು ಸೂಚಿಸಿದರು. ಒಡನೆಯೇ ಹಿರಿಯ ಗೃಹಸ್ಥರೊಬ್ಬರು ಕೇಳಿದರು: “ಜೀವರೊಳಗಿನ ತಾರತಮ್ಯ ಅನಾದಿಯೆಂದು ಈಗತಾನೆ ಕೇಳಿದೆವು. ಮೋಕ್ಷದಲ್ಲಿಯೂ ಅದು ಅಳಿಯದೆಂದು ಕೇಳಿದೆವು. ಹಾಗಿದ್ದ ಮೇಲೆ ಎಲ್ಲ ಮಕ್ಕಳನ್ನೂ ಒಂದೇ ಮೆಟ್ಟಿಲಿಗೆ ತರುವ ಈ ಸಾಹಸ ನಮ್ಮ ಸಿದ್ಧಾಂತಕ್ಕೆ ಒಪ್ಪುವುದೇ?” ಪ್ರವಚನಕಾರರಿಗೆ ಬಸ್ಸಿನ ವೇಳೆಯಾಗಿತ್ತು. ಪ್ರಶ್ನೆ ಹಾಗೆಯೇ ಉಳಿಯಿತು.

ಕೇಳಿದವರು ಕುಚೋದ್ಯಕ್ಕೆ ಕೇಳಿದವರಲ್ಲ; ನಿತ್ಯವೂ ಗೀತಾಪಾರಾಯಣ ಮಾಡುವ ಸಾತ್ತ್ವಿಕರು. ಆದುದರಿಂದಲೇ ಅವರ ಮಾತನ್ನು ನಕ್ಕು ತಳ್ಳಿಹಾಕಲಾಗದು. ನಮ್ಮಲ್ಲಿ ಅನೇಕರ ಮನಸ್ಸಿನ ಮೂಲೆಯಲ್ಲಿ ಇದೇ ಸಂದೇಹ ಇದ್ದು, ಕೊಡುವ ಕೈಯನ್ನು ಅದು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿರುತ್ತದೆ. ಹೀಗೆ ಎಳೆದ ಕೈಗೆ ಸಿದ್ಧಾಂತದ ಹೆಸರು ಕೊಡುವುದು ಸರಿಯೇ ಎಂಬುದನ್ನು ನೋಡೋಣ.

ಜೀವಜೀವರಿಗೆ ಭೇದವುಂಟು, ಯೋಗ್ಯತೆಯಲ್ಲಿ ತಾರತಮ್ಯವುಂಟು ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತದ ಅಡಿಗಲ್ಲು. ಅದನ್ನು ಅಲುಗಿಸಲು ನಾವು ಹೊರಟಿಲ್ಲ. ಆದರೆ ಈ ತಾರತಮ್ಯ ಯಾವುದರಲ್ಲಿ? ಜೀವನ ಸ್ವರೂಪದಲ್ಲಿ, ಅವನ ಜ್ಞಾನಾನಂದಗಳ ಅಳವಿನಲ್ಲಿ. ತಂದೆಯ ಪಹಣಿಯಲ್ಲಿರುವ ಎಕರೆಗಳಲ್ಲಿ ಅಲ್ಲ; ಮನೆಯ ಮೇಲಿನ ಹಂಚಿನಲ್ಲಿಯೂ ಅಲ್ಲ. ಈ ಸ್ವರೂಪಯೋಗ್ಯತೆಯನ್ನು ಸಂಪೂರ್ಣವಾಗಿ ಬಲ್ಲವನು ಶ್ರೀಹರಿಯೊಬ್ಬನೇ. ಅವನ ಪ್ರಸಾದದಿಂದ ಅಪರೋಕ್ಷಜ್ಞಾನಿಗಳು ತಮ್ಮ ತಮ್ಮ ಅಳವಿಗೆ ತಕ್ಕಷ್ಟು ಬಲ್ಲರು. ಉತ್ಸವ ಸಮಿತಿಯ ಖಜಾಂಚಿ ಬಲ್ಲನೆಂದು ಯಾವ ಗ್ರಂಥದಲ್ಲಿಯೂ ಹೇಳಿಲ್ಲ.

ಶ್ರೀ ರಾಯರ ಚರಿತ್ರೆಯಲ್ಲಿ ನಾವೆಲ್ಲರೂ ಕೇಳಿರುವ ಪ್ರಸಂಗವೊಂದಿದೆ. ಪೂರ್ವಾಶ್ರಮದಲ್ಲಿ ವೇಂಕಟನಾಥರು ಕಡುಬಡತನದಲ್ಲಿದ್ದಾಗ ಒಂದು ಮನೆಯ ಸಮಾರಂಭಕ್ಕೆ ಹೋದರು. ಮನೆಯವರು ಅವರ ಹರಕು ಪಂಚೆಯನ್ನು ನೋಡಿ, ಊಟಕ್ಕೆ ಮುನ್ನ ಗಂಧ ತೇಯಲು ಹಚ್ಚಿದರು. ಅಗ್ನಿಸೂಕ್ತವನ್ನು ಪಠಿಸುತ್ತ ತೇಯ್ದ ಗಂಧವನ್ನು ಬ್ರಾಹ್ಮಣರು ಮೈಗೆ ಹಚ್ಚಿಕೊಂಡಾಗ ಉರಿ ಎದ್ದಿತು. ನಾವು ಈ ಕಥೆಯನ್ನು ರಾಯರ ಮಂತ್ರಶಕ್ತಿಯ ನಿದರ್ಶನವಾಗಿ ಹೇಳಿ ಕೈಮುಗಿಯುತ್ತೇವೆ. ಮನೆಯವರ ಕಡೆಯಿಂದ ಇದನ್ನು ಓದಿದವರು ವಿರಳ. ಅವರು ದುಷ್ಟರಾಗಿರಲಿಲ್ಲ, ಊಟಕ್ಕೆ ಬಂದ ಬಡವನಿಂದ ಸ್ವಲ್ಪ ಕೆಲಸ ತೆಗೆದುಕೊಂಡರು, ಅಷ್ಟೆ. ಕಣ್ಣಿಗೆ ಬಿದ್ದ ಬಟ್ಟೆಯಿಂದ ಒಳಗಿನ ಯೋಗ್ಯತೆಯನ್ನು ಅಳೆದರು. ಯಾರ ಬೃಂದಾವನಕ್ಕೆ ಇಂದು ಲಕ್ಷಾಂತರ ಜನ ಪ್ರದಕ್ಷಿಣೆ ಬರುತ್ತಾರೋ ಅವರನ್ನು ಆ ಅಳತೆಗೋಲು ಗಂಧ ತೇಯುವ ಕಲ್ಲಿನ ಮುಂದೆ ಕೂರಿಸಿತು. ಆ ರಾಯರೇ ಪ್ರಹ್ಲಾದರೆಂದು ನಂಬುವ ನಾವು ಮತ್ತೊಂದನ್ನು ನೆನೆಯಬೇಕು: ಪ್ರಹ್ಲಾದರು ಹುಟ್ಟಿದ್ದು ಹಿರಣ್ಯಕಶಿಪುವಿನ ಮನೆಯಲ್ಲಿ. ಗುರುಗಳು ಆಚೆ ಹೋದಾಗ ಅವರು ಹರಿಭಕ್ತಿಯನ್ನು ಬೋಧಿಸಿದ್ದು ಸಹಪಾಠಿಗಳಾದ ದೈತ್ಯಬಾಲಕರಿಗೆ. ಮನೆತನವನ್ನು ಕೇಳಿ ಪಾಠ ಹೇಳುವುದಾಗಿದ್ದರೆ ಭಾಗವತದ ಸಪ್ತಮಸ್ಕಂಧದಲ್ಲಿ ಆ ಅಧ್ಯಾಯಗಳೇ ಇರುತ್ತಿರಲಿಲ್ಲ.

ಇನ್ನೊಂದು ವಾದವೂ ಬರಬಹುದು. ಯೋಗ್ಯತೆ ಸ್ವರೂಪದಲ್ಲಿಯೇ ಇರುವುದಾದರೆ, ನಾವು ಶುಲ್ಕ ಕಟ್ಟಿದರೂ ಕಟ್ಟದಿದ್ದರೂ ಅದು ಹರಿಯ ಇಚ್ಛೆಯಂತೆ ಪ್ರಕಟವಾಗದೇ ಎಂಬ ವಾದ. ಸಾಧನೆಯು ಸ್ವರೂಪವನ್ನು ಹುಟ್ಟಿಸುವುದಿಲ್ಲ, ಅಭಿವ್ಯಕ್ತಗೊಳಿಸುತ್ತದೆ ಎಂಬುದು ನಮ್ಮ ಸಿದ್ಧಾಂತ. ಹಾಗೆಂದು ಸಾಧನೆ ಬೇಡವೆಂದು ಆಚಾರ್ಯರು ಹೇಳಿದರೇ? ಶ್ರವಣ ಮನನ ಧ್ಯಾನಗಳನ್ನು ಅಷ್ಟು ವಿಸ್ತಾರವಾಗಿ ವಿಧಿಸಿದ್ದು ಏತಕ್ಕೆ? ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರಿಸಿನದ ಬಿತ್ತನೆಗೆಡ್ಡೆಯನ್ನು ನೆಟ್ಟು, ಎಂಟು ಒಂಬತ್ತು ತಿಂಗಳು ನೀರು ಗೊಬ್ಬರಗಳನ್ನು ಕೊಟ್ಟು, ಕಿತ್ತು ನೋಡಿದ ಮೇಲೆಯೇ ಗೆಡ್ಡೆಯ ಗುಣವನ್ನು ಹೇಳುವುದು. ಕಣಜದ ಮೂಲೆಯಲ್ಲಿ ಒಣಗಲು ಬಿಟ್ಟ ಗೆಡ್ಡೆಯನ್ನು ತೋರಿಸಿ ಇದರ ಜಾತಿಯೇ ಹೀನವೆಂದು ಹೇಳುವವನನ್ನು ಊರವರು ಒಕ್ಕಲುಗನೆನ್ನುವುದಿಲ್ಲ. ಅವಕಾಶವಿಲ್ಲದ ಮಗುವಿಗೆ ಯೋಗ್ಯತೆಯಿಲ್ಲವೆನ್ನುವುದು, ಆ ಬಳಿಕ ಯೋಗ್ಯತೆಯಿಲ್ಲವೆಂಬ ಕಾರಣದಿಂದ ಅವಕಾಶವನ್ನು ತಪ್ಪಿಸುವುದು, ಇದು ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷ. ಆ ಹಿರಿಯರು ಕೇಳಿದ ಸಮಾನತೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಮಕ್ಕಳನ್ನು ಸಮನಾಗಿಸುವುದು ನಮ್ಮಿಂದಾಗದು, ಆಗಬೇಕಾಗಿಯೂ ಇಲ್ಲ. ನೀರನ್ನು ಎಲ್ಲ ಸಾಲಿಗೂ ಹರಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ವೇದಾಧ್ಯಯನದಲ್ಲಿ ಪ್ರಾಚೀನರು ಅಧಿಕಾರಭೇದವನ್ನು ಹೇಳಿಲ್ಲವೇ ಎಂದು ಕೇಳಿದರೆ, ಹೇಳಿದ್ದಾರೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ನಾಮಜ್ಞಾನದ ಅಧಿಕಾರವನ್ನು ಅಂತ್ಯಜರೆನಿಸಿದ ಭಕ್ತರವರೆಗೂ ವಿಸ್ತರಿಸುವ ಪ್ರಮಾಣವನ್ನು ಸೂತ್ರಭಾಷ್ಯದ ಮೊದಲ ಸೂತ್ರದಲ್ಲಿಯೇ ಆಚಾರ್ಯರು ಉದಾಹರಿಸಿದರು. ಛಾಂದೋಗ್ಯದ ಸತ್ಯಕಾಮನಿಗೆ ತನ್ನ ಗೋತ್ರವೇ ತಿಳಿದಿರಲಿಲ್ಲ. ಗೌತಮರು ಅವನ ಋಜುತ್ವವನ್ನು ನೋಡಿ ಉಪನಯನ ಮಾಡಿದರೆಂಬುದನ್ನು ಆಚಾರ್ಯರ ಭಾಷ್ಯವು ಎತ್ತಿ ಹಿಡಿಯುತ್ತದೆ. ಇಷ್ಟಕ್ಕೂ ಇಲ್ಲಿ ಪ್ರಸ್ತುತವಾಗಿರುವುದು ಗಣಿತ, ಲೆಕ್ಕಶಾಸ್ತ್ರ, ಶುಶ್ರೂಷಾವಿದ್ಯೆ. ಇವುಗಳಿಗೆ ಅಧಿಕಾರಭೇದವನ್ನು ಯಾವ ಸ್ಮೃತಿಯಿಂದ ತರುವುದು?

ಹೀಗಾಗಿ ಕೊಡಬೇಕೇ ಎಂಬ ಪ್ರಶ್ನೆ ಕಠಿನವಾದುದಲ್ಲ. ಯಾರಿಗೆ ಕೊಡಬೇಕು, ಯಾವ ಭಾವದಿಂದ ಕೊಡಬೇಕು ಎಂಬಲ್ಲಿಯೇ ತೊಡಕು.

ನಮ್ಮ ತಂದೆಯವರು ಮೈಸೂರಿನಲ್ಲಿ ಓದಿದ್ದು ವಾರಾನ್ನದಿಂದ. ಇಂದಿನ ಕಿರಿಯರಿಗೆ ಆ ಪದವೇ ಹೊಸದಾಗಿರಬಹುದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಗಳಲ್ಲಿ ಊಟಕ್ಕೆ ಹೇಳಿಸಿಕೊಂಡು, ಯಾವುದೋ ಮನೆಯ ಪಡಸಾಲೆಯಲ್ಲಿ ಮಲಗಿ, ಬೀದಿಯ ದೀಪದಲ್ಲಿ ಓದಿದವರ ಒಂದು ತಲೆಮಾರೇ ಇತ್ತು. ಯಾವ ಸರಕಾರವೂ ಆದೇಶ ಹೊರಡಿಸದೆ ಗೃಹಿಣಿಯರು ನಡೆಸಿದ ಈ ವಿದ್ಯಾರ್ಥಿವೇತನದಿಂದ ಎಷ್ಟು ಉಪಾಧ್ಯಾಯರು, ಎಷ್ಟು ವಕೀಲರು, ಎಷ್ಟು ಅಮಲ್ದಾರರು ಮೇಲೆ ಬಂದರೆಂಬುದಕ್ಕೆ ಲೆಕ್ಕವಿಲ್ಲ. ಆ ತಾಯಂದಿರಿಗೆ ನಮ್ಮ ನಮಸ್ಕಾರ. ತಂದೆಯವರು ಆರು ಮನೆಗಳ ಹೆಸರನ್ನು ಕೊನೆಯವರೆಗೂ ಸಂಧ್ಯಾವಂದನೆಯ ನಂತರ ಸ್ಮರಿಸುತ್ತಿದ್ದರು. ಏಳನೆಯ ಮನೆಯ ಹೆಸರನ್ನು ಎಂದೂ ಹೇಳಲಿಲ್ಲ. ಗುರುವಾರದ ಆ ಮನೆಯಲ್ಲಿ ಎಲೆಯ ಮುಂದೆ ಕುಳಿತ ಮೇಲೆ ಪರೀಕ್ಷೆಯ ಅಂಕಗಳನ್ನು ಬಂದವರೆದುರು ಕೇಳುತ್ತಿದ್ದರಂತೆ. ಕಡಿಮೆಯಾಗಿದ್ದರೆ ಅನ್ನದ ಲೆಕ್ಕ ಹೇಳುತ್ತಿದ್ದರಂತೆ. ಎಪ್ಪತ್ತು ವರ್ಷ ವಯಸ್ಸಾದ ಮೇಲೂ, ಸ್ವಂತ ಮನೆಯಲ್ಲಿಯೂ, ಎರಡನೆಯ ಸಲ ಕರೆಯದೆ ಅವರು ಊಟಕ್ಕೆ ಏಳುತ್ತಿರಲಿಲ್ಲ.

ವಾರಾನ್ನಕ್ಕೆ ಇದ್ದ ಇನ್ನೊಂದು ಮಿತಿಯನ್ನೂ ಹೇಳಲೇಬೇಕು. ಆ ಏಳು ಬಾಗಿಲುಗಳು ತೆರೆದದ್ದು ಸ್ವಜಾತಿಯ ಹುಡುಗರಿಗೆ. ಅದೇ ಕೇರಿಯ ಹಿಂದೆ, ಅದೇ ಬುದ್ಧಿಯ, ಅದೇ ಹಸಿವಿನ ಬೇರೆ ಹುಡುಗನೊಬ್ಬ ಇದ್ದಿರಲೇಬೇಕು. ಅವನಿಗೆ ಎಂಟನೆಯ ಬಾಗಿಲೊಂದಿರಲಿಲ್ಲ. ಇದನ್ನು ಕಂಡುಕೊಂಡ ಇತರ ಸಮಾಜಗಳು ತಮ್ಮ ತಮ್ಮ ಬಾಗಿಲುಗಳನ್ನು ತಾವೇ ಕಟ್ಟಿಕೊಂಡವು. ಮೈಸೂರು ಸೀಮೆಯಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದು ಹೀಗೆ. 1941ರಲ್ಲಿ ಸುತ್ತೂರು ಶ್ರೀಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು; ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಎಷ್ಟೋ ಮನೆಗಳ ಮೊದಲ ಪದವೀಧರರು ಅಂತಹ ನಿಲಯಗಳ ಅನ್ನವನ್ನು ಉಂಡವರು. ನಮ್ಮ ಯತಿವರೇಣ್ಯರೂ ಹಿಂದೆ ಉಳಿಯಲಿಲ್ಲ. ಪೇಜಾವರ ಶ್ರೀವಿಶ್ವೇಶತೀರ್ಥ ಶ್ರೀಪಾದಂಗಳವರು 1956ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವು ವಟುಗಳಿಗೆ ಅನ್ನ ವಸತಿ ಪಾಠಗಳನ್ನು ಶುಲ್ಕವಿಲ್ಲದೆ ಕೊಡುತ್ತ ಬಂದಿದೆ.

ಸಾಮರ್ಥ್ಯವೋ ಅವಕಾಶವೋ ಎಂಬ ವಾದ ನಮ್ಮ ನಾಡಿನಲ್ಲಿ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸರಕಾರಿ ಸೇವೆಯಲ್ಲಿ ಹಿಂದುಳಿದ ವರ್ಗದವರಿಗೆ ತಕ್ಕ ಸ್ಥಾನ ದೊರೆಯುವ ಬಗೆಯನ್ನು ವಿಚಾರಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಸಮ್ಮತವಾಗಲಿಲ್ಲ; ಆಡಳಿತದ ದಕ್ಷತೆ ಕುಗ್ಗುವುದೆಂಬುದು ಅವರ ಆತಂಕ. ಅದೇ ವರ್ಷದ ಕೊನೆಗೆ ಅವರು ಹುದ್ದೆಯಿಂದ ನಿವೃತ್ತರಾದರು. ವಿದ್ಯೆಯ ವಿಷಯದಲ್ಲಿ ಅವರನ್ನು ಕೃಪಣರೆನ್ನಲಾಗದು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದದ್ದು ಅವರ ದಿವಾನಗಿರಿಯಲ್ಲಿಯೇ. ಆದರೂ ಒಂದು ಸಂಗತಿ ಮನಸ್ಸನ್ನು ಕಾಡುತ್ತದೆ. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಾದವರು ಅವರು. ಆ ವೇತನ ಬಾರದಿದ್ದರೆ ಅವರ ಅಪಾರ ಸಾಮರ್ಥ್ಯಕ್ಕೆ ಸಾಕ್ಷಿ ಎಲ್ಲಿರುತ್ತಿತ್ತು? ಮಹಾರಾಜರು ಕೈಗೊಂಡ ಮಾರ್ಗವೇ ಹೆಚ್ಚು ದೂರದೃಷ್ಟಿಯುಳ್ಳದ್ದೆಂಬುದು ಈ ಲೇಖಕನ ಅಭಿಪ್ರಾಯ.

ಹಣ ಕೊಟ್ಟ ಮಾತ್ರಕ್ಕೆ ಎಲ್ಲವೂ ಆಗುವುದಿಲ್ಲ ಎಂಬುದಕ್ಕೆ ಡಾಕ್ಟರ್ ಅಂಬೇಡ್ಕರರ ಜೀವನವೇ ನಿದರ್ಶನ. ಬರೋಡೆಯ ಮಹಾರಾಜರು 1913ರಲ್ಲಿ ಕೊಟ್ಟ ವೇತನದಿಂದ ಅವರು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದರು. ಕರಾರಿನಂತೆ ಸಂಸ್ಥಾನದ ಸೇವೆಗೆಂದು 1917ರಲ್ಲಿ ಬರೋಡೆಗೆ ಬಂದಾಗ ಅವರಿಗೆ ತಲೆಯಿಡಲು ಒಂದು ಕೋಣೆ ದೊರೆಯಲಿಲ್ಲ. ಪಾರಸಿಗಳ ವಸತಿಗೃಹದಿಂದಲೂ ಅವರನ್ನು ಹೊರಡಿಸಿದರು. ರಾಜಬೊಕ್ಕಸವು ಕೊಟ್ಟದ್ದನ್ನು ಊರ ಜನ ಕಿತ್ತುಕೊಂಡರು. ನಾವು ಆ ಊರಿನವರಲ್ಲವೆಂದು ಸುಮ್ಮನಿರಲಾಗದು; ಚಾಮರಾಜನಗರದಲ್ಲಿಯೋ ಮೈಸೂರಿನಲ್ಲಿಯೋ ಓದಲು ಬಂದ ಹುಡುಗನಿಗೆ ಕೋಣೆ ಬಾಡಿಗೆಗೆ ಕೊಡುವಾಗ ನಾವು ಮೊದಲು ಏನನ್ನು ಕೇಳುತ್ತೇವೆಂಬುದು ನಮಗೆ ತಿಳಿದೇ ಇದೆ.

ಭಾವದ ವಿಷಯಕ್ಕೆ ಬರೋಣ. ಛಾಂದೋಗ್ಯದಲ್ಲಿ ಜಾನಶ್ರುತಿಯೆಂಬ ರಾಜನ ಕಥೆಯಿದೆ. ಅವನು ಮಹಾದಾನಿ. ಎಲ್ಲ ದಿಕ್ಕುಗಳಲ್ಲಿಯೂ ಛತ್ರಗಳನ್ನು ಕಟ್ಟಿಸಿದ್ದನು. ಎಲ್ಲೆಡೆಯೂ ಜನರು ತನ್ನ ಅನ್ನವನ್ನೇ ಉಣ್ಣಲಿ ಎಂಬುದು ಅವನ ಬಯಕೆ. ಆ ‘ತನ್ನ’ ಎಂಬ ಶಬ್ದವನ್ನು ಗಮನಿಸಬೇಕು. ಒಂದು ರಾತ್ರಿ ಮೇಲೆ ಹಾರುವ ಹಂಸಗಳು ಅವನ ತೇಜಸ್ಸನ್ನು ಲೆಕ್ಕಿಸದೆ, ಬಂಡಿಯ ಕೆಳಗೆ ಕುಳಿತು ಮೈ ಕೆರೆದುಕೊಳ್ಳುವ ರೈಕ್ವನನ್ನು ಹೊಗಳಿದವು. ರಾಜನು ಗೋವುಗಳನ್ನೂ ಹಾರವನ್ನೂ ರಥವನ್ನೂ ಕೊಂಡು ರೈಕ್ವನ ಬಳಿಗೆ ಹೋದಾಗ, ಅವನು ಮೊದಲ ಸಲ ಅವನ್ನು ತಿರಸ್ಕರಿಸಿ ಕಳುಹಿದನು. ಎಷ್ಟು ಛತ್ರಗಳಿದ್ದರೇನು, ಕೊಡುವವನು ಮೊದಲು ಕೇಳುವವನಾಗಬೇಕಾಯಿತು.

ಇದಕ್ಕಿಂತಲೂ ನೇರವಾಗಿ ಆಚಾರ್ಯರೇ ಗೀತಾತಾತ್ಪರ್ಯದಲ್ಲಿ ಹೇಳಿದ ಮಾತೊಂದಿದೆ: ನಾನಾ ಜನರ ಶುಶ್ರೂಷೆಯು ಪ್ರಜೆಯು ಅರಸನಿಗೆ ಸಲ್ಲಿಸುವ ಕರದಂತೆ ಎಂಬ ಭಾವ. ಈ ಉಪಮೆಯನ್ನು ಸ್ವಲ್ಪ ನಿಂತು ಯೋಚಿಸಬೇಕು. ಕಂದಾಯ ಕಟ್ಟಿ ರಸೀತಿ ಪಡೆದವನು ತಾನು ಅರಸನಿಗೆ ಉಪಕಾರ ಮಾಡಿದೆನೆಂದು ಬೀಗುವುದಿಲ್ಲ. ಕಟ್ಟದಿದ್ದರೆ ಬಾಕಿದಾರನಾಗುತ್ತಾನೆ. ಹಾಗಾದರೆ ವಿದ್ಯಾರ್ಥಿಗೆ ನಾವು ಕೊಡುವ ಸಾವಿರ ರೂಪಾಯಿ ಶ್ರೀಹರಿಗೆ ಸಲ್ಲಬೇಕಾದ ಬಾಕಿ. ಆ ವಿದ್ಯಾರ್ಥಿ ಅದನ್ನು ಪಡೆಯುವ ಸ್ಥಳ ಮಾತ್ರ. ಬಾಕಿ ತೀರಿಸಿದವನಿಗೆ ಶಾಲು ಏಕೆ? ಪಡೆದ ಮಗು ವೇದಿಕೆಯ ಮೇಲೆ ನಿಂತು ಛಾಯಾಚಿತ್ರಕ್ಕೆ ತಲೆ ಬಾಗಿಸುವುದೇಕೆ? ಗುರುವಾರದ ಆ ಮನೆಯ ಎಲೆ ನನಗೆ ಇಲ್ಲಿ ಕಣ್ಣ ಮುಂದೆ ಬರುತ್ತದೆ.

ಖಜಾಂಚಿಗಳು ಇದಕ್ಕೆ ಒಪ್ಪುವುದಿಲ್ಲ. ಹೆಸರು ಹಾಕದಿದ್ದರೆ ದಾನಿಗಳು ಬರುವುದಿಲ್ಲ, ಒಬ್ಬರನ್ನು ಕಂಡು ಇನ್ನೊಬ್ಬರು ಕೊಡುತ್ತಾರೆ ಎನ್ನುತ್ತಾರೆ. ಅವರ ಅನುಭವದ ಮಾತನ್ನು ಅಲ್ಲಗಳೆಯಲಾರೆ. ಕೊಟ್ಟವರ ಹೆಸರನ್ನು ಬೇಕಾದರೆ ಫಲಕದಲ್ಲಿ ಬರೆಯಲಿ, ಲೆಕ್ಕವನ್ನು ಪೈಸೆ ಪೈಸೆಯಾಗಿ ಪತ್ರಿಕೆಯಲ್ಲಿ ಪ್ರಕಟಿಸಲಿ. ಪಡೆದವರ ಹೆಸರು ಮಾತ್ರ ಬೇಡ.

ಪಡೆದವನಿಗೆ ಋಣವೇ ಇಲ್ಲವೇ? ಇದೆ. ಆದರೆ ಅದು ಋಷಿಋಣ. ಅದನ್ನು ತೀರಿಸುವುದು ಅಧ್ಯಯನದಿಂದ, ಕೊಟ್ಟವನ ಮನೆಯ ಮದುವೆಯಲ್ಲಿ ಬಡಿಸುವುದರಿಂದಲ್ಲ. ಜಮಶೇಟಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯು ಉನ್ನತ ವ್ಯಾಸಂಗಕ್ಕೆ ಹಣವನ್ನು ಸಾಲವಾಗಿ ಕೊಡುತ್ತ ಬಂದಿದೆ. ಹಿಂದಿರುಗಿದ ಹಣ ಮುಂದಿನವನಿಗೆ ಹೋಗುತ್ತದೆ. ಪಡೆದವನ ತಲೆ ಎತ್ತಿಯೇ ಇರುತ್ತದೆ. ತೀರ ಬಡವರಿಗೆ ಸಾಲ ಭಾರವಾದೀತು ಎಂಬುದೂ ನಿಜ.

ಗೀತೆಯು ಸಾತ್ತ್ವಿಕದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರನ್ನು ಹೇಳುತ್ತದೆ. ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದೇ ದಾನವೆನ್ನುತ್ತದೆ. ದೇಶವೆಂದರೆ ಕ್ಷೇತ್ರ, ಕಾಲವೆಂದರೆ ಗ್ರಹಣ ಸಂಕ್ರಮಣಗಳೆಂದು ನಾವು ಅರ್ಥ ಮಾಡುತ್ತೇವೆ. ವಿದ್ಯಾರ್ಥಿಯ ಪಾಲಿಗೆ ಪುಣ್ಯಕಾಲವು ಶುಲ್ಕ ಕಟ್ಟುವ ಕೊನೆಯ ದಿನ. ಸರಕಾರದ ನೆರವು ಇಂದು ಅಲ್ಪವಾದುದಲ್ಲ. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಷ್ಟು ಹಿಂದೆಯೇ ಆರಂಭವಾಯಿತು. ಹಿಂದುಳಿದ ವರ್ಗದವರ ಊಟ ವಸತಿಗಾಗಿ ‘ವಿದ್ಯಾಸಿರಿ’ ತಿಂಗಳಿಗೆ 1,500 ರೂಪಾಯಿಯಂತೆ ಬಂದಿತು. 2021ರಲ್ಲಿ ರೈತರ ಮಕ್ಕಳಿಗೆಂದು ಘೋಷಿತವಾದ ‘ರೈತ ವಿದ್ಯಾನಿಧಿ’ಯಲ್ಲಿ ಪದವಿಪೂರ್ವ ತರಗತಿಯಿಂದ ವೈದ್ಯಕೀಯದವರೆಗೆ ವರ್ಷಕ್ಕೆ 2,500ರಿಂದ 11,000 ರೂಪಾಯಿವರೆಗೆ ನಿಗದಿಯಾಯಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಸರಕಾರಿ ಶಾಲೆಗಳಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆಯನ್ನು ಕೈಗೊಂಡಿದ್ದಾರೆ. 2023ರ ಜೂನ್ ತಿಂಗಳಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ತಪ್ಪಿದೆ. ಇಷ್ಟಿದ್ದೂ, ಜಾತಿ ಆದಾಯಗಳ ಪ್ರಮಾಣಪತ್ರ, ಆಧಾರ್ ಜೋಡಣೆ, ಬ್ಯಾಂಕಿನ ಖಾತೆ ಎಂದು ನಾಡಕಚೇರಿಗೂ ಕಾಲೇಜಿಗೂ ಅಲೆದು ಸಲ್ಲಿಸಿದ ಅರ್ಜಿಗೆ ಹಣ ಬರುವ ಹೊತ್ತಿಗೆ ಶುಲ್ಕದ ದಿನ ಎಷ್ಟೋ ವೇಳೆ ಕಳೆದಿರುತ್ತದೆ. ತಾಯಿ ಒಂದು ದಿನ ಕೂಲಿ ಬಿಟ್ಟು ಕಚೇರಿಗೆ ಬಂದರೆ ಆ ದಿನದ ಸಂಬಳವೂ ಹೋಯಿತು. ನಮ್ಮ ಕಡೆ ಹುಡುಗಿಯ ಓದು ನಿಲ್ಲುವುದು ಇಂತಹ ಎರಡು ಮೂರು ತಿಂಗಳ ಅಂತರದಲ್ಲಿಯೇ. ಆ ಅಂತರದಲ್ಲಿ ಗಂಡು ನೋಡಲು ಆರಂಭಿಸುತ್ತಾರೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದಾಗ ಹಣವನ್ನು ಬೆಟ್ಟದ ಕೆಳಗಿನಿಂದ ಕಳುಹಿಸಲಿಲ್ಲ; ತಾವೇ ಬೆಟ್ಟದ ಮೇಲೆ ನೆಲೆಸಿ, ಸೋಲಿಗರ ಮಕ್ಕಳಿಗೆ ಅವರಿರುವಲ್ಲಿಯೇ ಶಾಲೆಯನ್ನೂ ವಸತಿಯನ್ನೂ ಒದಗಿಸಿದರು. ದೇಶವೆಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಒಂದು ಕಾಲಕ್ಕೆ ಬೆಟ್ಟ ಬಿಟ್ಟು ಹೊರಗೆ ಕಾಲಿಡಲು ಅಂಜುತ್ತಿದ್ದ ಆ ಜನರಲ್ಲಿ ಇಂದು ಪದವೀಧರರಿದ್ದಾರೆ, ಉಪಾಧ್ಯಾಯರಿದ್ದಾರೆ.

ನಮ್ಮ ನಿಧಿ ಅಷ್ಟು ದೊಡ್ಡದಲ್ಲ. ಸರಕಾರ ಕೊಡುವುದನ್ನು ಮತ್ತೆ ಕೊಡುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಆ ಅಂತರವನ್ನು ಮಾತ್ರ ಅದು ತುಂಬಲಿ ಎಂದು ನಾನು ಸೂಚಿಸಿದ್ದೇನೆ. ಜೂನ್ ಜುಲೈ ತಿಂಗಳುಗಳಲ್ಲಿ, ಪ್ರಮಾಣಪತ್ರಕ್ಕೆ ಕಾಯದೆ, ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ಒಂದು ಸಾಲಿನ ಚೀಟಿಯ ಮೇಲೆ ಶುಲ್ಕವನ್ನು ಕಾಲೇಜಿಗೇ ಕಟ್ಟಿಬಿಡುವುದು. ಮುಂದೆ ಸರಕಾರದ ಹಣ ಬಂದಾಗ ಮನಸ್ಸಿದ್ದವರು ನಿಧಿಗೆ ಹಿಂದಿರುಗಿಸಬಹುದು, ಹಿಂದಿರುಗಿಸದವರನ್ನು ಕೇಳಬಾರದು. ಪ್ರಶ್ನೆ ಕೇಳಿದ ಹಿರಿಯರಿಗೆ ಈ ವಿಚಾರಗಳನ್ನೆಲ್ಲ ಅವರ ಮನೆಯಲ್ಲಿಯೇ ಕುಳಿತು ನಿವೇದಿಸಿದೆ. ಶುಲ್ಕದ ವಿಷಯಕ್ಕೆ ಅವರು ಒಪ್ಪಿದರು. ಅರ್ಜಿಯ ಕಾಗದದಲ್ಲಿ ಗೋತ್ರದ ಅಂಕಣವೊಂದಿರಲಿ ಎಂದರು. ಸತ್ಯಕಾಮನನ್ನು ನೆನಪಿಸಿದೆ. ಅವರು ನಗಲಿಲ್ಲ, ಕೋಪಗೊಳ್ಳಲೂ ಇಲ್ಲ; ಯೋಚಿಸುವೆನೆಂದರು. ಮುಂದಿನ ದ್ವಾದಶಿಯಂದು ಪಾರಣೆಯ ನಂತರ ಸಮಿತಿ ಸೇರುತ್ತದೆ. ಅಂಕಣದ ವಿಷಯ ಅಂದು ತೀರ್ಮಾನವಾಗಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥